ಅಂಬಲಿಗೆ ಆರಿಸಿದ ಹೂ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಮನಾಬಾದಿನ ಬೀಗರು ನಮ್ಮ ಮನೆಗೆ ಬಂದದ್ದು ಸೋಮವಾರವೋ ಗುರುವಾರವೋ ನನಗೆ ನೆನಪಿಲ್ಲ. ಅಂದು ಅವರ ತಲೆಯ ಮೇಲೆ ಕರಿಯ ಟೊಪ್ಪಿಗೆ ಇತ್ತೆಂದು ನಾನು ಹೇಳುತ್ತೇನೆ. ಅವರು ರುಮಾಲು ಬಿಟ್ಟು ಬೇರೇನನ್ನೂ ತಲೆಗೆ ಹಾಕಿದವರೇ ಅಲ್ಲ ಎಂದು ನನ್ನ ತಮ್ಮ ವಾದಿಸುತ್ತಾನೆ. ಈ ತಮ್ಮ ಆಗ ಹುಟ್ಟಿ ಹದಿನೈದು ದಿನವಾಗಿತ್ತು, ಅದೂ ಅವ್ವನ ತವರುಮನೆಯಲ್ಲಿ. ಆದರೂ ಅವನು ಹೇಳುವ ಧಾಟಿ ಕೇಳಿದರೆ ನನಗೇ ನನ್ನ ಮೇಲೆ ಸಂಶಯ ಬರುತ್ತದೆ. ದಿನಚರಿ ಬರೆಯುವ ಚಟ ನನಗೆ ಅಂಟಿಕೊಂಡದ್ದು ಕಾಲೇಜಿಗೆ ಹೋದ ಮೇಲೆ. ಅದಕ್ಕೂ ಹಿಂದಿನದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದೇನೆ. ತಲೆ ಎಂಬುದು ಮುಚ್ಚಳವಿಲ್ಲದ ಡಬ್ಬಿ. ಬಂದುಹೋದವರು ಅದರೊಳಗೆ ತಮ್ಮದೂ ಒಂದಿಷ್ಟು ಹಾಕಿ ಹೋಗಿರುತ್ತಾರೆ.

ಇದನ್ನೆಲ್ಲ ಎಬ್ಬಿಸಿದ್ದು ನಿನ್ನೆ ಬಂದ ಒಂದು ಚೀಲ. ಯುಗಾದಿ ಕಳೆದು ಎರಡು ಮೂರು ವಾರಕ್ಕೆ ನನ್ನ ಕಾಕು, ಎಂದರೆ ಚಿಕ್ಕಪ್ಪನ ಹೆಂಡತಿ, ಹುಮನಾಬಾದಿನಿಂದ ಗುಲ್ಬರ್ಗಾಕ್ಕೆ ಬರುವ ಬಸ್ಸಿನಲ್ಲಿ ಇಂಥದೊಂದು ಚೀಲ ಕಳಿಸುತ್ತಾರೆ. ಹಳೆಯ ಕುಪ್ಪಸದ ಬಟ್ಟೆಯಲ್ಲಿ ಹೊಲಿದ, ಅಂಗೈಯಗಲದ ಚೀಲ. ಒಳಗೆ ನೆರಳಲ್ಲಿ ಒಣಗಿಸಿದ ಬೇವಿನ ಹೂ. ಬಾಯಿ ಕಟ್ಟುವ ದಾರದ ತುದಿಯಲ್ಲಿ ಮೂರು ಗಂಟು. ಕಂಡಕ್ಟರರು ಅದನ್ನು ಮೂಸಿ ನೋಡಿ, "ಏನ್ರಿ ಮೇಡಂ, ಪ್ರತಿ ವರ್ಷ ಔಷಧ ತರಸ್ತೀರಿ, ಏನ್ ಬ್ಯಾನಿ ಅದ?" ಎಂದು ಕಾಳಜಿಯಿಂದ ಕೇಳಿದರು. ಬೇನೆಯಿಲ್ಲ, ಅಂಬಲಿಗೆ ಹಾಕುತ್ತೇನೆ ಎಂದೆ. ಅವರ ಮುಖ ನೋಡಿದರೆ ಬೇನೆ ಇದೆ ಎಂದು ಅವರಿಗೆ ಖಾತ್ರಿಯಾದಂತಿತ್ತು.

ಅಂಬಲಿ ನಿಮಗೆ ಗೊತ್ತಿರುವುದೇ. ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ಮಣ್ಣಿನ ಗಡಿಗೆಯಲ್ಲಿ ಹುಳಿಯಲು ಬಿಡುವುದು, ಮರುದಿನ ಕುದಿಸುವುದು, ಆರಿದ ಮೇಲೆ ಮಜ್ಜಿಗೆ ಬೆರೆಸಿ ಕುಡಿಯುವುದು. ನಮ್ಮ ಕಡೆ ಬೇಸಿಗೆಯಲ್ಲಿ ಅಂಬಲಿ ಇಲ್ಲದ ಮನೆಯಿಲ್ಲ. ಆದರೆ ಬಸವಕಲ್ಯಾಣದ ನಮ್ಮ ಮನೆಯ ಅಂಬಲಿಗೆ ಬೇವಿನ ಹೂ ಬೀಳುತ್ತಿತ್ತು. ಬೇರೆಲ್ಲೂ ನಾನು ಇದನ್ನು ಕಂಡಿಲ್ಲ. ಯುಗಾದಿಯಿಂದ ಮಳೆ ಹಿಡಿಯುವವರೆಗೆ ಅಜ್ಜ ಮನೆಯ ಮುಂದಿನ ಕಟ್ಟೆಯ ಮೇಲೆ ಎರಡು ದೊಡ್ಡ ಗಡಿಗೆ ಇಡಿಸುತ್ತಿದ್ದ. ಹೊಲಕ್ಕೆ ಹೋಗುವವರು, ಸಂತೆಗೆ ಬಂದವರು, ಯಾರು ಬೇಕಾದರೂ ನಿಂತು ಒಂದು ತಂಬಿಗೆ ಕುಡಿದು ಹೋಗಬಹುದು. ಅಜ್ಜನಿಗೆ ಹೊಲವಿತ್ತು, ಎತ್ತುಗಳಿದ್ದವು, ಊರಲ್ಲಿ ಮಾತು ನಡೆಯುತ್ತಿತ್ತು. ಆದರೆ ಅವನ ನಿಜವಾದ ಹೆಮ್ಮೆ ಆ ಎರಡು ಗಡಿಗೆ. ಬಂದವರು ಮೊದಲ ಗುಟುಕಿಗೆ ಮುಖ ಸಿಂಡರಿಸಿ, ಎರಡನೆಯ ಗುಟುಕಿಗೆ ಸುಮ್ಮನಾಗಿ, ಮೂರನೆಯದಕ್ಕೆ "ಇನ್ನಷ್ಟು ಹಾಕ್ರಿ" ಅನ್ನುವುದನ್ನು ನೋಡಲೆಂದೇ ಅವನು ಕಟ್ಟೆಯ ಮೇಲೆ ಕೂಡುತ್ತಿದ್ದನೇನೋ.

ಗಡಿಗೆಯ ಯಜಮಾನಿಕೆ ನನ್ನ ಅತ್ತಿಯದು. ನೀಲಮ್ಮ ಎಂದು ಹೆಸರು, ಅಪ್ಪನ ಅಕ್ಕ. ಅವಳನ್ನು ಕೊಹಿನೂರು ಎಂಬ ಊರಿಗೆ ಕೊಟ್ಟಿದ್ದರು. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ, ತವರಿಗೆ ಬಂದಳು. ನಮ್ಮ ಶಾಲೆಯಲ್ಲಿ ಕೊಹಿನೂರ್ ವಜ್ರದ ಪಾಠ ಬಂದಾಗ ನಾನು ಓಡಿಬಂದು ಅವಳಿಗೆ ಹೇಳಿದ್ದೆ. "ಹೌದವಾ. ಆ ಊರಿಂದ ಬರಿಗೈಲೆ ಬಂದಾಕಿ ನಾ ಒಬ್ಬಾಕೇ ನೋಡು" ಎಂದು ನಕ್ಕಿದ್ದಳು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದಾಗ ಅತ್ತಿಗೆ ವಿಷಮಜ್ವರ ಬಂತು. ಆಗ ನಮಗೆ ಶಾಲೆಯಲ್ಲಿ ಹೊಸ ಕನ್ನಡ ಪುಸ್ತಕಗಳು ಬಂದಿದ್ದವು. ಮಲಗಿದ್ದ ಅತ್ತಿಯ ಪಕ್ಕ ಕೂತು ನಾನು ಅವುಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಹಾಗಾಗಿ ಆ ಕಾಲ ಸರಿಯಾಗಿ ನೆನಪಿದೆ ಎಂದುಕೊಂಡಿದ್ದೇನೆ. ಜ್ವರ ಬಿಟ್ಟಿತು, ಕೂದಲು ಉದುರಿ ಮತ್ತೆ ಬಂತು. ಒಂದು ಮಾತ್ರ ಮರಳಿ ಬರಲಿಲ್ಲ. ಅದನ್ನು ಅವಳು ನನಗೆ ಹೇಳಿದ್ದು ಹಿತ್ತಲ ಮೆಟ್ಟಿಲ ಮೇಲೆ, ಹುಣಸೆ ಬೀಜ ಬಿಡಿಸುತ್ತ.

"ಶಾರಿ, ನನ್ನ ನಾಲಿಗಿ ಸತ್ತದ."

ನಾನು ಅವಳ ಬಾಯಿ ನೋಡಿದೆ. "ಅಲ್ಲೇ ಅದಲ್ಲ."

"ಅದ. ಖಾಲಿ ಮಾತಾಡಾಕ ಅದ. ಮೂಗೂ ಹಂಗೇ. ಬೆಲ್ಲ ತಿಂದ್ರ ಮಣ್ಣು ತಿಂದಂಗ ಆಗ್ತದ, ಮಣ್ಣು ತಿಂದ್ರೂ ಮಣ್ಣೇ."

"ಮಣ್ಣು ಯಾಕ ತಿಂದಿ?"

"ನೋಡಬೇಕಲ್ಲ, ಏನರೆ ಫರಕ್ ಅದ ಏನಂತ."

ಆಮೇಲೆ ನನ್ನ ಎರಡೂ ಕೈ ಹಿಡಿದು, ಯಾರಿಗೂ ಹೇಳಬೇಡ ಎಂದಳು. ಅವ್ವನಿಗೂ ಬೇಡ, ಅಜ್ಜನಿಗಂತೂ ಬೇಡವೇ ಬೇಡ. ಯಾಕೆ ಎಂದು ಕೇಳಿದೆ. ಅವಳು ಮಕ್ಕಳಿಗೆಂದು ಮಾತನ್ನು ಮೆತ್ತಗೆ ಮಾಡಿ ಹೇಳುವವಳಲ್ಲ.

"ಕೊಹಿನೂರಿಂದ ಮೈದುನರು ಮತ್ತ ಹೇಳಿ ಕಳಸ್ಯಾರ. ಹೊಲದಾಗ ಗುಡಿಸಲ ಹಾಕಿ ಕೊಡ್ತಾರಂತ, ಬೆಳಿ ಕಾಯ್ಕೊಂತ ಇರಬೇಕಂತ. ನಿಮ್ಮಜ್ಜ ಏನಂತ ಹೇಳಿದ? ಇಲ್ಲಿ ಆಕಿಗೆ ಕೆಲಸ ಅದ, ಅಡಗಿ ಆಕಿ ಕೈಯ್ಯಾಗ ಅದ ಅಂತ ಹೇಳಿದ. ಅಡಗಿ ಮಾಡಾಕಿಗೆ ನಾಲಿಗಿನೇ ಇಲ್ಲಂದ್ರ ನಾ ಈ ಮನ್ಯಾಗ ಯಾವ ಮೂಲ್ಯಾಗ ಕುಂದರಲಿ?"

ಅಂದಿನಿಂದ ನಾನು ಅವಳ ನಾಲಿಗೆಯಾದೆ. ಒಂಬತ್ತೋ ಹತ್ತೋ ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಹುದ್ದೆ ಸಿಗಲಾರದು. ಆಮೇಲೆ ಓದಿ, ಪದವಿ ಪಡೆದು, ಕಾಲೇಜಿನಲ್ಲಿ ಪಾಠ ಮಾಡುವ ಕೆಲಸವೂ ಸಿಕ್ಕಿತು. ಆದರೆ ಆ ಗತ್ತು ಮತ್ತೆ ಬರಲಿಲ್ಲ. ದಿನದ ಸಾರು ಪಲ್ಯ ಸುಲಭ. ಉಪ್ಪು ಹೆಚ್ಚಾದರೆ ಎಡಗಣ್ಣು ಮುಚ್ಚಬೇಕು, ಕಡಿಮೆಯಾದರೆ ಬಲಗಣ್ಣು. ಒಮ್ಮೆ ಕಣ್ಣಿಗೆ ಹೊಗೆ ತಾಗಿ ಎರಡೂ ಮುಚ್ಚಿದಾಗ ಅತ್ತಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಕಷ್ಟವಾದದ್ದು ಅಂಬಲಿ. ಅದಕ್ಕೆ ಹೂ ಆರಿಸಬೇಕು.

ಊರ ತುಂಬ ಬೇವಿನ ಮರಗಳಿದ್ದರೂ ಅತ್ತಿಗೆ ಎಲ್ಲ ಹೂ ಆಗುತ್ತಿರಲಿಲ್ಲ. ಬೆಳಗಿನ ಬಿಸಿಲು ಏರುವ ಮೊದಲು ಮರದ ಕೆಳಗೆ ಹಳೆಯ ಧೋತರ ಹಾಸಿ ಕೊಂಬೆ ಅಲ್ಲಾಡಿಸುತ್ತಿದ್ದೆವು. ಅಕ್ಕಿನುಚ್ಚಿನಷ್ಟು ಸಣ್ಣ ಹೂ ಉದುರುತ್ತಿದ್ದವು. ಅತ್ತಿ ಒಂದಿಷ್ಟು ಎತ್ತಿ ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಇದು ದಾರಿಯಲ್ಲಿ ಹೋಗುವವರು ನೋಡಲೆಂದು. ನಂತರ ಅದೇ ಅಂಗೈ ನನ್ನ ಮೂಗಿಗೆ ಬರುತ್ತಿತ್ತು.

"ಹೇಳು."

"ಕಹಿ ಅದ."

"ಕಹಿ ಅದ ಅಂತ ಆಡಿಗೂ ಗೊತ್ತದ. ಎಂಥಾ ಕಹಿ? ನಾಲಿಗಿ ತುದಿಗೆ ಬಂದು ಹೋಗ್ತದೋ, ಗಂಟಲದಾಗ ಕುಂತು ಬಿಡ್ತದೋ? ಹಿಂದ ಏನ್ ಉಳೀತದ?"

ಹಿಂದೆ ಉಳಿಯುವುದೂ ಒಂದಿದೆ ಎಂದು ನನಗೆ ಗೊತ್ತಾದದ್ದೇ ಆಗ. ತ್ರಿಪುರಾಂತದ ಕೆರೆಯ ದಂಡೆಯಲ್ಲಿದ್ದ ಮರದ ಹೂವಿನ ಕಹಿ ತೆಳ್ಳಗೆ. ಬಂದು ಮಾತಾಡಿಸಿ ಹೋಗುವ ನೆಂಟರ ಹಾಗೆ ಹೋಗಿಬಿಡುತ್ತಿತ್ತು, ಹೋದ ಮೇಲೆ ಜೇನಿನಂಥ ಒಂದು ವಾಸನೆ ಉಳಿಯುತ್ತಿತ್ತು. ಕೋಟೆಯ ಗೋಡೆಯ ಬದಿಗೆ ಕೆಂಪು ಕಲ್ಲುನೆಲದಲ್ಲಿ ಬೆಳೆದ ಮುದಿಮರದ್ದು ಹಾಗಲ್ಲ. ಅದರ ಒಂದೇ ಹೂ ಸಂಜೆಯವರೆಗೆ ಗಂಟಲು ಬಿಡುತ್ತಿರಲಿಲ್ಲ. ಅತ್ತಿಗೆ ಎರಡೂ ಬೇಕಾಗಿದ್ದವು. ಅಂಬಲಿ ಕುದಿಯುವಾಗ ಕೋಟೆಯ ಹೂ ಒಂದು ಚಿಟಿಕೆ, ಆರಿದ ಮೇಲೆ ಕೆರೆಯ ಹೂ ತುಪ್ಪದಲ್ಲಿ ಬಾಡಿಸಿ ಒಂದು ಹಿಡಿ. ಚಿಟಿಕೆಯಿಂದ ಅಂಬಲಿ ಬೇಗ ಕೆಡುವುದಿಲ್ಲ, ಹಿಡಿಯಿಂದ ಘಮ ಬರುತ್ತದೆ ಎಂದು ಅವಳ ಲೆಕ್ಕಾಚಾರ. ವರ್ಷದಿಂದ ವರ್ಷಕ್ಕೆ ಮರಗಳ ಸ್ವಭಾವ ಬದಲಾಗುವುದರಿಂದ ಪ್ರತಿ ಯುಗಾದಿಗೂ ಹೊಸದಾಗಿ ಅಗಿದು ನೋಡಲೇಬೇಕು. ಅತ್ತಿಗೆ ಓದು ಬರಹ ಬಾರದು. ಒಣಗಿದ ಹೂವನ್ನು ಚೀಲಕ್ಕೆ ತುಂಬಿ ದಾರಕ್ಕೆ ಗಂಟು ಹಾಕಿ ಗುರುತಿಡುತ್ತಿದ್ದಳು. ಕೆರೆಯ ಮರಕ್ಕೆ ಒಂದು ಗಂಟು, ಕೋಟೆಯ ಮರಕ್ಕೆ ಎರಡು. ನೋಡಿದರೆ ಎರಡೂ ಒಂದೇ ಥರ. ಮೂಗು ನಾಲಿಗೆ ಇಲ್ಲದವಳಿಗೆ ಆ ಗಂಟುಗಳೇ ದಾರಿ.

ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುವಾಗ ನಮ್ಮ ಮೇಷ್ಟರೊಬ್ಬರು ಗಾಜಿನ ಶೀಶೆಯಲ್ಲಿ ಹಸಿರು ಮಾಸಿದ ಒಣ ಹೂಗಳನ್ನು ತಂದು ತೋರಿಸಿದರು. ಹಾಪ್ಸ್ ಎಂದು ಅದರ ಹೆಸರು. ತಣ್ಣನೆಯ ದೇಶಗಳಲ್ಲಿ ಬೆಳೆಯುವ ಬಳ್ಳಿಯ ಹೂ. ಬಾರ್ಲಿಯನ್ನು ಮೊಳಕೆ ಬರಿಸಿ, ಕುದಿಸಿ, ಹುಳಿ ಬರಿಸಿ ಬಿಯರ್ ಮಾಡುವಾಗ ಇದನ್ನು ಹಾಕುತ್ತಾರೆ. ಆ ಕಡೆ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರೂ ಇದ್ದಾರಂತೆ. ಅವರು ಈ ಹೂವನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಯಾವ ತೋಟದ್ದೆಂದು ನೋಡಿ ಆರಿಸುತ್ತಾರಂತೆ. ಕುದಿಯುವಾಗ ಹಾಕಿದ್ದು ಕಹಿ ಕೊಡುತ್ತದೆ, ಆರುವಾಗ ಹಾಕಿದ್ದು ವಾಸನೆ ಕೊಡುತ್ತದೆ. ಕಪ್ಪು ಬಿಯರಿನಲ್ಲಿ ಸಣ್ಣಪುಟ್ಟ ತಪ್ಪು ನಡೆದುಹೋಗುತ್ತದೆ, ಆದರೆ ಹೊಂಬಣ್ಣದ ತಿಳಿ ಬಿಯರಿನಲ್ಲಿ ತಪ್ಪಿಗೆ ಅಡಗಿಕೊಳ್ಳಲು ಜಾಗವಿಲ್ಲ, ಅದಕ್ಕೇ ಹೂ ಆರಿಸುವುದು ಅಲ್ಲಿ ಎಲ್ಲಕ್ಕಿಂತ ಕಷ್ಟ ಎಂದರು. ಬಿಳಿ ಜೋಳದ ಅಂಬಲಿಯೂ ಹಾಗೇ ಸರ್, ನಮ್ಮತ್ತಿಯನ್ನು ಕೇಳಿ, ಎಂದು ಎದ್ದು ಹೇಳಿದೆ ಎಂದು ಬಹಳ ವರ್ಷ ನಂಬಿದ್ದೆ. ದಿನಚರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ "ಹಾಪ್ಸ್. ಅತ್ತಿ." ಎಂದು ಎರಡೇ ಶಬ್ದ ಇವೆ. ಎದ್ದು ನಿಲ್ಲುವ ಧೈರ್ಯ ಆಗಿನ ನನಗೆ ಇರಲಿಲ್ಲ, ದಿನಚರಿಯೇ ಸರಿ.

ಆ ಪಾಠ ಕೇಳಿದ ಉಮೇದಿನಲ್ಲಿ ಹಾಸ್ಟೆಲಿನ ಕೋಣೆಯಲ್ಲಿ ನಾನೂ ಒಂದು ಗಡಿಗೆ ಇಟ್ಟೆ. ಮಂಚದ ಕೆಳಗೆ, ಟ್ರಂಕಿನ ಹಿಂದೆ. ಧಾರವಾಡದ ತಂಪಿಗೆ ಹುಳಿಯಲಾರದೆಂದು ಹೆದರಿ ಹಳೆಯ ಸ್ವೆಟರು ಸುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ವಾರ್ಡನ್ ಬಾಯಿಯವರು ತಪಾಸಣೆಗೆ ಬಂದಾಗ ಮಂಚದ ಕೆಳಗಿನಿಂದ ಬುಸ್ ಎಂದು ಸದ್ದಾಯಿತು. ಸ್ವೆಟರು ತೊಟ್ಟ ಗಡಿಗೆಯನ್ನು ಹೊರಗೆಳೆದು ಮುಚ್ಚಳ ತೆಗೆದರು. ಮೇಲೆಲ್ಲ ನೊರೆ.

"ಏನಿದು?"

"ಅಂಬಲಿರಿ."

"ನಮ್ಮ ಮನ್ಯಾಗೂ ಅಂಬಲಿ ಮಾಡ್ತಾರ. ಅದು ಹಿಂಗ ಮಾತಾಡಂಗಿಲ್ಲ."

ನಾನು ಅತ್ತಿ, ಬೇವಿನ ಹೂ, ಜೋಳದ ಹಿಟ್ಟು ಎಂದು ತೊದಲಿದೆ. ಅವರು ಸಂಶಯ ನಿವಾರಣೆಗೆಂದು ಅರ್ಧ ಲೋಟ ಕಾಯಿಸಿ ಕುಡಿದು, ಖಾತ್ರಿಯಾಗಲೆಂದು ಇನ್ನರ್ಧ ಲೋಟ ಕುಡಿದು, ಹಾಸ್ಟೆಲಿನಲ್ಲಿ ಇಂಥದೆಲ್ಲ ನಡೆಯುವುದಿಲ್ಲ ಎಂದು ಗಡಿಗೆಯನ್ನು ತಮ್ಮ ಮನೆಗೆ ತೆಗೆದುಕೊಂಡು ಹೋದರು. ಸ್ವೆಟರು ಮಾತ್ರ ವಾಪಸು ಬಂತು.

ಎಲ್ಲಿಗೋ ಹೋದೆ. ಹೇಳಬೇಕಾದದ್ದು ಬೀಗರು ಬಂದ ದಿನದ ಮಾತು.

ಅದಕ್ಕೆ ಹಿಂದಿನ ವರ್ಷ ನಮ್ಮ ಕಾಕಾನ ಮದುವೆಯಾಗಿ ಕಾಕು ಮನೆಗೆ ಬಂದಿದ್ದರು. ಹುಮನಾಬಾದಿನ ಪಕ್ಕದ ಮಾಣಿಕನಗರದವರು. ಅವರ ತಂದೆಗೆ ಅಲ್ಲಿ ಕಿರಾಣಿ ಅಂಗಡಿಯಿತ್ತು. ಕಾಕುಗೆ ಹದಿನೆಂಟಿರಬಹುದು. ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ಅಡುಗೆ ನಿಜಕ್ಕೂ ಚೆನ್ನಾಗಿ ಮಾಡುತ್ತಿದ್ದರು. ಮೊದಲ ಬೇಸಿಗೆಯಲ್ಲೇ ಅಂಬಲಿ ಕುಡಿದು ಹುಬ್ಬು ಮೇಲೇರಿಸಿದ್ದರು.

"ನಮ್ಮ ಹುಮನಾಬಾದ ಕಡಿ ಅಂಬಲ್ಯಾಗ ಬಳ್ಳೊಳ್ಳಿ, ಅಜವಾನ ಹಾಕ್ತಾರ್ರಿ ಅಕ್ಕಾರ. ಕಹಿ ಯಾರು ಹಾಕ್ತಾರ?"

"ನಿಮ್ಮ ಕಡಿ ಅಂಗಡಿ ಅದ, ಅಜವಾನ ಅದ. ನಮ್ಮ ಕಡಿ ಮರ ಅದ" ಎಂದು ಅತ್ತಿ ಹೇಳಿದಳು.

ಅತ್ತಿಯ ಮಾತಿಗೆ ಅಜ್ಜ ನಕ್ಕ. ಆದರೆ ಎರಡನೆಯ ಬೇಸಿಗೆಯ ಮೊದಲಲ್ಲಿ ಒಂದು ದಿನ ಊಟಕ್ಕೆ ಕೂತಾಗ, ಕಾಕು ಮಾಡಿದ ಪಲ್ಯ ಬಾಯಿಗಿಟ್ಟು, "ಮುಂದಿನ ವರ್ಷ ಗಡಿಗಿನೂ ನೀನೇ ನೋಡ್ಕೊಳವಾ, ನೀಲಾಗೂ ವಯಸ್ಸಾತು" ಎಂದುಬಿಟ್ಟ. ಅದು ಮೆಚ್ಚುಗೆಯ ಮಾತೋ ತೀರ್ಮಾನವೋ ಯಾರಿಗೂ ಗೊತ್ತಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅತ್ತಿಯ ಕೈ ನಿಂತು, ಮತ್ತೆ ಶುರುವಾಯಿತು. ಅವಳಿಗೆ ಆಗ ನಲವತ್ತೂ ಆಗಿರಲಿಲ್ಲ. ಕೊಹಿನೂರಿನ ಗುಡಿಸಲು ನನಗೆ ಮೊದಲ ಸಲ ಕಣ್ಣಿಗೆ ಕಟ್ಟಿದ್ದು ಆ ಹೊತ್ತಿನಲ್ಲಿ.

ಹಾಗಾಗಿ ಆ ವರ್ಷದ ಅಂಬಲಿ ಎಂದಿನಂಥ ಅಂಬಲಿಯಲ್ಲ. ಅವ್ವ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅಡುಗೆಮನೆಗೆ ಉಳಿದವರು ಅತ್ತಿ, ಕಾಕು ಮತ್ತು ನಾನು. ಬೀಗರು ಬರುವ ಹಿಂದಿನ ದಿನ ಅತ್ತಿ ನನಗೆ ಎರಡೂ ಚೀಲ ಕೊಟ್ಟು, ಹೂವಿಗೆ ಸ್ವಲ್ಪ ಗಾಳಿಯಾಡಿಸಿ ಮತ್ತೆ ಕಟ್ಟಿಡು ಎಂದಳು. ನಾನು ಗಂಟು ಬಿಚ್ಚಿದೆ, ಹೂ ಹರವಿದೆ, ಮತ್ತೆ ತುಂಬಿದೆ. ಗಂಟು ಹಾಕುವಾಗ ಯಾವ ರಾಶಿ ಯಾವುದೆಂದು ಒಂದು ಕ್ಷಣ ಅನುಮಾನ ಬಂತು. ಒಂದು ಹೂ ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತಿತ್ತು. ಇಂಥ ನಾಲಿಗೆ ಇರುವವಳಿಗೆ ಅಗಿದು ನೋಡುವ ದರ್ದೇನು ಎಂದು ಕಣ್ಣಂದಾಜಿನಲ್ಲೇ ಕಟ್ಟಿಬಿಟ್ಟೆ.

ಮರುದಿನ ಅತ್ತಿ ಬೆರಳಿನಿಂದ ಗಂಟು ಎಣಿಸಿ, ಎರಡರ ಚೀಲದಿಂದ ಚಿಟಿಕೆ, ಒಂದರ ಚೀಲದಿಂದ ಹಿಡಿ ಹಾಕಿದಳು. ಅಂಬಲಿ ಸಿದ್ಧವಾದ ಮೇಲೆ ಎಂದಿನಂತೆ ನನ್ನ ಅಂಗೈಗೆ ಸ್ವಲ್ಪ ಸುರಿದಳು. ಸರಿಯಾಗಿ ಆಗಲೇ ಬೀದಿಯಲ್ಲಿ ಗದ್ದಲ. ನಮ್ಮ ರಸ್ತೆಗೆ ಡಾಂಬರು ಹಾಕಲು ರೋಲರ್ ಬರುತ್ತದೆಂದು ವಾರದಿಂದ ಸುದ್ದಿಯಿತ್ತು, ಅದು ಬಂದಿತ್ತು. ನೆಲ ಅದುರುತ್ತಿತ್ತು. ಗೆಳತಿಯರು ಹೊರಗಿನಿಂದ ಕೂಗುತ್ತಿದ್ದರು. ನಾನು ಅಂಗೈಯಲ್ಲಿದ್ದದ್ದನ್ನು ಮೋರಿಯ ಕಡೆಗೆ ಜಾರಿಸಿ, ಲಂಗಕ್ಕೆ ಒರೆಸಿಕೊಂಡು, "ಬರೋಬ್ಬರಿ ಅದ ಅತ್ತಿ" ಎಂದು ಓಡಿದೆ.

ಆಗ ಅಡುಗೆಮನೆಯ ಬಾಗಿಲಲ್ಲಿ ಕಾಕು ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಅಥವಾ ಇರಲಿಲ್ಲ. ನೆನಪು ಮಾಡಿಕೊಂಡಾಗ ಕೆಲವು ಸಲ ಕಾಕು ತಲೆಯೆತ್ತಿ ನನ್ನ ಅಂಗೈಯನ್ನೇ ನೋಡುತ್ತಿರುತ್ತಾರೆ. ಕೆಲವು ಸಲ ಬಾಗಿಲಲ್ಲಿ ಮೊರ ಮಾತ್ರ ಇರುತ್ತದೆ.

ರೋಲರ್ ನೋಡಿ ನಾನು ಮರಳಿದಾಗ ಪಡಸಾಲೆಯಲ್ಲಿ ಕಾಕುವಿನ ತಂದೆ ಕೂತಿದ್ದರು, ಜೊತೆಗೆ ಮಾಣಿಕನಗರದ ಇಬ್ಬರು ಹಿರಿಯರು. ಬಸ್ಸಿನಲ್ಲಿ ಬಂದು ಬಿಸಿಲಲ್ಲಿ ಬೆಂದಿದ್ದರು. ಅಜ್ಜ ನಮ್ಮ ಮನೆಯ ಅಂಬಲಿಯ ವರ್ಣನೆ ಮುಗಿಸಿ, ಹಿತ್ತಾಳೆಯ ಲೋಟಗಳನ್ನು ತಾನೇ ಅವರ ಕೈಗೆ ಕೊಟ್ಟ. ತಾನೂ ಒಂದು ತೆಗೆದುಕೊಂಡ. ನಾಲ್ವರೂ ಒಟ್ಟಿಗೆ ಕುಡಿದರು.

ಒಬ್ಬ ಹಿರಿಯರು ಕಣ್ಣು ಮುಚ್ಚಿಕೊಂಡು ಕುಳಿತೇಬಿಟ್ಟರು. ಕಾಕುವಿನ ತಂದೆ ಲೋಟವನ್ನು ನಿಧಾನಕ್ಕೆ ಕೆಳಗಿಟ್ಟು, ತೋಳಿನಿಂದ ಬಾಯಿ ಒರೆಸಿಕೊಂಡರು.

"ಏನ್ರಿ ಬೀಗರ, ನಮಗೇನರ ಬ್ಯಾನಿ ಅದ ಏನು? ಔಷಧ ಕುಡಸಾಕತ್ತೀರಿ."

ಅಜ್ಜನ ಮೀಸೆಯ ಮೇಲೆ ಅಂಬಲಿ ಹಾಗೇ ಇತ್ತು. ಒರೆಸಿಕೊಳ್ಳದೆ ಅಡುಗೆಮನೆಯ ಕಡೆ ತಿರುಗಿ, "ನೀಲಾ" ಎಂದ. ಕೂಗಲಿಲ್ಲ. ಮೆಲ್ಲಗೆ ಕರೆದ. ಅದು ಇನ್ನೂ ಕೆಟ್ಟದ್ದು.

ಅತ್ತಿ ಬಾಗಿಲಿಗೆ ಬಂದಳು. ಎಲ್ಲರ ಮುಖ ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು. ಕಂಬದ ಬಳಿ ನಿಂತ ನನ್ನ ಕಾಲಿಗೆ ಇನ್ನೂ ಡಾಂಬರು ಮೆತ್ತಿತ್ತು. ಏನಾಗಿದೆ ಎಂದು ಅವಳಿಗೆ ಗೊತ್ತಾಯಿತು. ಶಾರಿ ರುಚಿ ನೋಡಿ ಹೇಳಿದ್ದಳು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ರುಚಿ ನೋಡಲು ಹುಡುಗಿ ಯಾಕೆ ಬೇಕು ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು, ಅದು ನಿಜ. ಆದರೆ ಅವಳು ಸುಮ್ಮನಿದ್ದದ್ದು ಆ ಲೆಕ್ಕ ಹಾಕಿ ಎಂದು ನನಗೆ ಅನ್ನಿಸುವುದಿಲ್ಲ. ಅವಳು ನನ್ನ ಮೇಲಿನ ಕಣ್ಣು ತೆಗೆದು ನೆಲ ನೋಡಿದಳು, ಅಷ್ಟೆ.

ಆಗ ಅವಳ ಹಿಂದಿನಿಂದ ಕಾಕು ಬಂದರು. ಸೊಸೆಯಂದಿರು ಹಿರಿಯರ ಮುಂದೆ ಪಡಸಾಲೆಗೆ ಬರುವ ಕಾಲ ಅದಲ್ಲ. ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು ನೇರವಾಗಿ ಬಂದು, ತಂದೆ ಕೆಳಗಿಟ್ಟ ಲೋಟವನ್ನು ಎತ್ತಿ, ನಿಂತಲ್ಲೇ ಪೂರ್ತಿ ಕುಡಿದರು. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಆ ಅಂಬಲಿಯನ್ನು ಆಮೇಲೆ ನಾನೂ ಒಂದು ಗುಟುಕು ನೋಡಿದ್ದೇನೆ. ಹಾಗೆ ಕುಡಿಯುವುದು ಮನುಷ್ಯರಿಂದ ಆಗುವ ಕೆಲಸವಲ್ಲ.

"ಹೂ ನಾ ಹಾಕೀನ್ರಿ ಮಾವಾರ" ಎಂದರು. "ಅಕ್ಕಾರು ಚಿಟಿಕಿ ಅಂದಿದ್ರು. ನಾ ಹಿಡಿ ಹಾಕಿದೆ. ಅಕ್ಕಾರಿಗೆ ಗೊತ್ತಿಲ್ಲ."

ಕಾಕು ತಂದೆಯ ಕಡೆ ತಿರುಗಿದರು.

"ಅಪ್ಪಾ, ನಿನ್ನ ಮಗಳ ಕೈರುಚಿ ಇದು. ಇನ್ನೊಂದು ಲೋಟ ಹಾಕಲೇನು?"

ಅವರ ತಂದೆಗೆ ನಗು ತಡೆಯಲಾಗಲಿಲ್ಲ. "ಬ್ಯಾಡವಾ. ನಾ ಅಂಗಡಿ ಇಟ್ಟಾಂವ, ಮಾಲು ಖೋಟಾ ಅದ ಅಂತ ಬೀಗರಿಗೆ ಮೊದಲೇ ಹೇಳಬೇಕಿತ್ತು" ಎಂದರು. ಹಿರಿಯರಿಬ್ಬರೂ ನಕ್ಕರು, ಕಣ್ಣು ಮುಚ್ಚಿದ್ದವರೂ ಕಣ್ಣು ಬಿಟ್ಟರು. ಅಜ್ಜ ಕೊನೆಗೂ ಮೀಸೆ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ. "ಗಡಿಗಿ ನೀಲಾನ ಕೈಯ್ಯಾಗೇ ಇರ್ಲಿ. ಆಕಿ ಇರೂತನಕ ಯಾರೂ ಮುಟ್ಟಬ್ಯಾಡ್ರಿ."

ಆ ಒಂದು ಮಾತಿನಿಂದ ಕೊಹಿನೂರಿನ ಗುಡಿಸಲು ನಮ್ಮ ಬಾಳಿನಿಂದ ಹೋಯಿತು. ಕಾಕು ತಮಗೆ ಸಿಗುವುದರಲ್ಲಿದ್ದ ಗಡಿಗೆಯನ್ನು ತಾವೇ ಬಿಟ್ಟುಕೊಟ್ಟಿದ್ದರು, ಅದೂ ತವರಿನವರ ಎದುರಿಗೆ ತಲೆ ತಗ್ಗಿಸಿ. ತಗ್ಗಿಸಿ ಎನ್ನುವುದು ರೂಢಿಯ ಮಾತು. ಅವರ ತಲೆ ನೆಟ್ಟಗೇ ಇತ್ತು.

ಸಂಜೆ ಹಿತ್ತಲಲ್ಲಿ ಇಬ್ಬರೂ ಲೋಟ ತೊಳೆಯುತ್ತಿದ್ದಾಗ ನಾನು ಬಾಗಿಲ ಮರೆಯಲ್ಲಿದ್ದೆ.

"ಯಾಕ ಹಂಗ ಅಂದಿ?" ಎಂದು ಅತ್ತಿ ಕೇಳಿದಳು.

"ಅಜವಾನ ಮುಗದಿತ್ತರಿ ಅಕ್ಕಾರ" ಎಂದರು ಕಾಕು.

ಇಬ್ಬರೂ ನಗಲಿಲ್ಲ. ಅತ್ತಿ ಬೂದಿ ಹಚ್ಚಿದ ಮುಂದಿನ ಲೋಟವನ್ನು ಕಾಕುವಿನ ಕೈಗೆ ಕೊಟ್ಟಳು. ಅತ್ತಿ ನನಗೆ ಅಂದೂ ಬೈಯಲಿಲ್ಲ, ಮುಂದೆಂದೂ ಬೈಯಲಿಲ್ಲ. ಮಾರನೆಯ ದಿನ ನನ್ನ ಅಂಗೈಗೆ ಅಂಬಲಿ ಸುರಿದ ಮೇಲೆ, ನಾನು ಅದನ್ನು ನೆಕ್ಕಿ ಮುಗಿಸುವವರೆಗೆ ನನ್ನ ಮಣಿಕಟ್ಟು ಹಿಡಿದುಕೊಂಡೇ ಇದ್ದಳು. ಅಷ್ಟೇ ಶಿಕ್ಷೆ. ಈಗ ವಿದ್ಯಾರ್ಥಿಗಳು ಪ್ರಯೋಗ ಮಾಡದೆಯೇ ಫಲಿತಾಂಶ ಬರೆದು ತಂದಾಗ ನನ್ನ ಕೈ ತಾನಾಗಿ ಅವರ ಮಣಿಕಟ್ಟಿನ ಕಡೆ ಹೋಗುತ್ತದೆ. ತಡೆದುಕೊಳ್ಳುತ್ತೇನೆ.

ಮುಂದಿನ ಯುಗಾದಿಗೆ ಮರದ ಕೆಳಗೆ ನಾವು ಮೂವರಿದ್ದೆವು. ಕಾಕು ಕೂಡ ಹೂ ಅಗಿಯತೊಡಗಿದ್ದರು. ಕಲಿಯುತ್ತೇನೆ ಎಂದು ಹೇಳಿಕೊಂಡರು. ತವರಿಗೆ ಹೋದಾಗ ತಮ್ಮ ಹಿತ್ತಲಿನ ಬೇವಿನ ಹೂವನ್ನೂ ಕಟ್ಟಿಕೊಂಡು ಬಂದರು. ಅತ್ತಿ ಅದನ್ನು ತಿಕ್ಕಿ, ಮೂಸಿ, ನನ್ನ ಕಡೆ ಹಿಡಿದಳು. ನಾನು ಬಾಯಿ ತೆರೆಯುವ ಮೊದಲೇ ಕಾಕು, "ನಾಲಿಗಿ ನಡುವ ಕುಂದರ್ತದರಿ, ಜಲ್ದಿ ಏಳತದ, ಹಿಂದ ಸಣ್ಣಗ ಸಿಹಿ ಉಳೀತದ" ಎಂದರು. ಯಾರೂ ಅವರನ್ನು ಕೇಳಿರಲಿಲ್ಲ. ಅತ್ತಿ ಆ ಚೀಲದ ದಾರಕ್ಕೆ ಮೂರು ಗಂಟು ಹಾಕಿದಳು.

ಅಜ್ಜ ಹೋದ ಮೇಲೆ ಮನೆ ಪಾಲಾಯಿತು. ಕಾಕಾ ಮಾಣಿಕನಗರದಲ್ಲಿ ಅಂಗಡಿ ಇಡುವುದೆಂದು ಗೊತ್ತಾಗಿತ್ತು. ಪಾತ್ರೆಗಳನ್ನು ಹಂಚುವ ದಿನ ಹಿತ್ತಾಳೆಯ ದೊಡ್ಡ ಹಂಡೆಯ ಮುಂದೆ ಎಲ್ಲರೂ ಮುಖ ಮುಖ ನೋಡುತ್ತಿದ್ದಾಗ ಕಾಕು ಹೇಳಿದರು.

"ನಮಗ ಹಂಡೆ ಬ್ಯಾಡ್ರಿ. ಅಕ್ಕಾರನ್ನ ಕೊಡ್ರಿ."

"ನಾ ಏನ್ ಹಂಡೆ ಅಂತ ತಿಳದಿಯೇನು?" ಎಂದಳು ಅತ್ತಿ.

"ಹಂಡೆಕ್ಕಿಂತ ಭಾರ ಅದೀರಿ. ಆದ್ರೂ ನಡೀತದ."

ಹೀಗೆ ಅತ್ತಿ ಹುಮನಾಬಾದಿಗೆ ಹೋದಳು, ಎರಡು ಗಡಿಗೆಗಳ ಜೊತೆ. ರಜೆಯಲ್ಲಿ ನಾನು ಧಾರವಾಡದಿಂದ ಹೋದಾಗ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಗಡಿಗೆಗಳಿರುತ್ತಿದ್ದವು, ಪಕ್ಕದಲ್ಲಿ ಅಜ್ಜ ಕೂಡುತ್ತಿದ್ದ ಹಾಗೆಯೇ ಅತ್ತಿ ಕೂತಿರುತ್ತಿದ್ದಳು. ಹಾಪ್ಸಿನ ವಿಷಯ ಅವಳಿಗೆ ಹೇಳಿದ್ದು ಅಲ್ಲೇ. ದೂರದ ದೇಶದವರೂ ಕಾಳಿಗೆ ಹುಳಿ ಬರಿಸಿ ಅದಕ್ಕೆ ಕಹಿ ಹೂ ಹಾಕುತ್ತಾರೆ, ಅಂಗೈಯಲ್ಲಿ ತಿಕ್ಕಿ ಆರಿಸುತ್ತಾರೆ ಎಂದೆ. ಅತ್ತಿ ಗಂಭೀರವಾಗಿ ಕೇಳಿಸಿಕೊಂಡು, "ಅವರ ಮನ್ಯಾಗೂ ನನ್ನಂಥಾಕಿ ಒಬ್ಬಾಕಿ ಇದ್ದಿರಬೇಕು" ಎಂದಳು. ಒಳಗಿನಿಂದ ಕಾಕು, "ನನ್ನಂಥಾಕೀನೂ ಇದ್ದಿರಬೇಕ್ರಿ, ಇಲ್ಲಂದ್ರ ಕುಡಿಯೋರು ಯಾರು?" ಎಂದು ಕೂಗಿದರು.

ಅತ್ತಿ ಹೋಗಿ ಈಗ ಏಳೋ ಎಂಟೋ ವರ್ಷ. ಕೊನೆಯ ಬೇಸಿಗೆಯಲ್ಲಿ ಅವಳಿಗೆ ಏನೂ ಸೇರುತ್ತಿರಲಿಲ್ಲ. ಕಾಕು ಬಸವಕಲ್ಯಾಣದಿಂದ ಹೂ ತರಿಸಿ, ಚಮಚದಲ್ಲಿ ಅಂಬಲಿ ಹಾಕುತ್ತ, ಪ್ರತಿ ಚಮಚಕ್ಕೂ, "ಇದು ನಿಮ್ಮ ಕೆರಿ ಮರದ್ದರಿ, ಕಹಿ ಬಂತು, ಹೋತು, ಈಗ ಘಮ ಬರಾಕತ್ತದ" ಎಂದು ಹೇಳುತ್ತಿದ್ದರು, ಕುರುಡರಿಗೆ ದಾರಿ ಹೇಳುವವರ ಹಾಗೆ. ಅತ್ತಿ ತಲೆಯಾಡಿಸಿ ನುಂಗುತ್ತಿದ್ದಳು. ಅಷ್ಟು ವರ್ಷ ನಾನೊಬ್ಬಳೇ ಕಾಪಾಡಿದೆ ಎಂದುಕೊಂಡಿದ್ದ ಗುಟ್ಟು ಯಾವಾಗಲೋ ನನ್ನ ಕೈಬಿಟ್ಟು ಹೋಗಿತ್ತು. ಅದು ನಮ್ಮತ್ತಿಗೆ ಒಳ್ಳೆಯದೇ ಆಗಿತ್ತು. ಅವಳು ತನ್ನ ಮೂಲೆಯಲ್ಲಿ ಕೊನೆಯವರೆಗೆ ಕೂತಳು. ಅದಕ್ಕೆ ನಾನು ಯಾರಿಗೆ ಎಷ್ಟು ಕೃತಜ್ಞಳಾಗಿರಬೇಕೋ ಅದನ್ನು ಅಳೆಯುವ ಪಾತ್ರೆ ನನ್ನಲ್ಲಿಲ್ಲ.

ಕಳೆದ ವರ್ಷ ಯುಗಾದಿಗೆ ಮಾಣಿಕನಗರಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಧೋತರದ ಮೇಲೆ ಹೂ ಹರವಿತ್ತು. ಕಾಕು ಕನ್ನಡಕ ಏರಿಸಿಕೊಂಡು ಕಡ್ಡಿ ಕಸ ಆರಿಸುತ್ತಿದ್ದರು. ಅವರಿಗೂ ತಲೆ ಬೆಳ್ಳಗಾಗಿದೆ. ಪಕ್ಕದಲ್ಲಿ ಕೂತು ಆ ದಿನದ ಮಾತು ತೆಗೆದೆ. ಅಂಗೈಯ ಅಂಬಲಿಯನ್ನು ನಾನು ಮೋರಿಗೆ ಚೆಲ್ಲಿದ್ದನ್ನು ಯಾರಿಗೂ ಹೇಳಿರಲಿಲ್ಲ, ಅವರಿಗೆ ಹೇಳಿದೆ. ಗಂಟು ತಪ್ಪಾಗಿ ಕಟ್ಟಿದ್ದನ್ನೂ ಹೇಳಿದೆ. ಅವರು ತಲೆಯೆತ್ತಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ಕಾಕು ಒಂದು ಹೂ ಎತ್ತಿ ಬಾಯಿಗೆ ಹಾಕಿಕೊಂಡು, ಸಾವಕಾಶ ಅಗಿದು, "ಈ ವರ್ಷ ಜರಾ ಹಿಂದ ಉಳ್ಯಾಕತ್ತದ, ನೋಡು" ಎಂದು ನನ್ನ ಅಂಗೈಗೂ ನಾಲ್ಕು ಹಾಕಿದರು. ನಾನು ಅಗಿದೆ. ಉಳಿಯುತ್ತಿತ್ತು.

ನಿನ್ನೆಯ ಚೀಲದ ಜೊತೆಗೂ ಉತ್ತರದ ಚೀಟಿ ಇರಲಿಲ್ಲ. ನಾನು ಕೇಳಿದ್ದು ಇಷ್ಟೇ: "ಕಾಕು, ಆ ದಿನ ಬಾಗಲದಾಗ ನೀವು ಮೊರ ಹಿಡಕೊಂಡು ಕುಂತಿದ್ರೇನ್ರಿ? ಆ ಲೋಟ ನೀವು ಕುಡದದ್ದು ಅತ್ತಿ ಸಲುವಾಗೋ, ನನ್ನ ಸಲುವಾಗೋ?"